ತುಳು ಬಾರದ ಯಂತ್ರದ ಅಧಿಕಾರಿ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಕಾಪು ಸಮೀಪದ ನಮ್ಮ ಗ್ರಾಮಸಭೆಯಲ್ಲಿ ಮೂವತ್ತು ಜನ, ಒಬ್ಬ ಅಧಿಕಾರಿ ಮತ್ತು ಮಾತು ಕೇಳಿ ತಾನೇ ನಡಾವಳಿ ಬರೆಯುವ ಅವರ ಹೊಸ ಯಂತ್ರ. ಅದರ ಪರದೆಯನ್ನು ಅವರು ಕರವಸ್ತ್ರದಿಂದ ಒರೆಸುತ್ತಲೇ ಇದ್ದರು.

ಸಭೆಯ ಮುಂದಿದ್ದದ್ದು ಮೀನು ಮಾರುವ ಕಟ್ಟೆಯನ್ನು ಕೆಡವುವ ಪ್ರಸ್ತಾವ. ಕೆಡವಬಾರದೆಂದು ಮೀನು ಮಾರುವ ಹೆಂಗಸೊಬ್ಬರು ತುಳುವಿನಲ್ಲಿ ಹತ್ತು ನಿಮಿಷ ಮಾತನಾಡಿದರು. ಯಂತ್ರಕ್ಕೆ ತುಳು ಬಾರದು. ಅಧಿಕಾರಿ ಪರದೆ ನೋಡಿ ಓದಿದರು: “ಆಕ್ಷೇಪಣೆ ಇಲ್ಲ.”

“ನಾನು ಹೇಳಿದ್ದು ಎಂತ ಮತ್ತೆ? ನಿಮಗೆ ತುಳು ಬರ್ತದಲ್ವಾ ಸಾರ್?”

“ನನಗೆ ಬಂದು ಎಂತ ಮಾಡುವುದು? ಯಂತ್ರಕ್ಕೆ ಪಕ್ಷಪಾತ ಇಲ್ಲಮ್ಮ.” ಅದು ಅವರ ಜಪ.

ಚಹಾಕ್ಕೆ ಸಕ್ಕರೆ ಸಾಲದೆಂದು ಅವರು ಬೈದದ್ದು ಅಚ್ಚ ತುಳುವಿನಲ್ಲಿ.

ಪಂಚಾಯತಿ ಸದಸ್ಯನಾದ ನಾನು ಆಕೆಯ ಮಾತನ್ನು ನಡಾವಳಿ ಪುಸ್ತಕದಲ್ಲಿ ಕೈಯಾರೆ ಬರೆದು ಓದಿ ಹೇಳಿದೆ. ಆಕೆ ಸಹಿ ಹಾಕಿದರು. ಪೆನ್ನನ್ನು ಅಧಿಕಾರಿಯತ್ತ ಚಾಚಿದೆ. ಕರವಸ್ತ್ರ ಜೇಬು ಸೇರಿತು. ಮಧ್ಯಾಹ್ನ ಒಂದು ಗಂಟೆಗೆ ಅವರ ಸಹಿಯೂ ಬಿತ್ತು, ನಾನು ಪುಸ್ತಕ ಮುಚ್ಚಿದೆ.