ತಾರಸಿಯ ಹುರುಳಿ

ಸೈಟು ತಗೊಂಡು ಹೊಸ ಮನೆ ಕಟ್ಟಿಸಬೇಕೆಂಬುದು ನನ್ನ ಹೆಂಡತಿಯ ಹಟ. ಕಟ್ಟಿದ್ದು ಸಿಕ್ಕರೆ ಸಾಕೆಂಬುದು ನನ್ನ ಸೋಮಾರಿತನ. ಹೇಗೋ ಒಪ್ಪಿಸಿ, ಮಧುವನಹಳ್ಳಿಯಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಕರೆದೊಯ್ದೆ. ತಾರಸಿ ಹತ್ತಿದರೆ ಕಾಲಿಡಲು ಜಾಗವಿಲ್ಲ, ಉದ್ದಕ್ಕೂ ಹುರುಳಿಕಾಳು ಹರಡಿತ್ತು. ಪಕ್ಕದ ಮನೆಯ ಅಜ್ಜಿ ಮೊರ ಹಿಡಿದು ನಮ್ಮ ಹಿಂದೆಯೇ ಹತ್ತಿ ಬಂದರು.

"ಇದು ಈ ಮನೆಯವರದಾ ಅಜ್ಜಿ?" ಎಂದೆ.

"ಇಲ್ಲ ಕಣಪ್ಪ, ನಮ್ದು. ಈ ಬೀದೀಲಿ ತಾರಸಿ ಇರೋದು ಇದೊಂದೇ ಮನೆಗೆ, ಮಿಕ್ಕವೆಲ್ಲ ಎಂಚಿನವು. ಮನೇನ ಯಾರಾದ್ರೂ ತಕಳ್ಳಿ, ಕಾಳು ಒಣಗಾಕೋದು ಇಲ್ಲೇಯ."

ವ್ಯಾಪಾರ ಮುರಿಯಿತು ಎಂದುಕೊಂಡು ಹೆಂಡತಿಯ ಕಡೆ ತಿರುಗಿದೆ. ಅವಳಾಗಲೇ ಕೂತು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು.

ಅದನ್ನೇ ಕೊಂಡೆವು. ಮನೆ ನಮ್ಮದೇ. ತಾರಸಿ ಮಾತ್ರ ಮಳೆ ಬಂದಾಗ ನಮ್ಮದು.