ಅತ್ತೆಯವರ ಪಟೆಲ್ಲಾ

ಎಂದಿನಂತೆ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಒಲೆಯ ಮುಂದೆ ಕೂತು ಬೇಯಿಸುತ್ತಿದ್ದರು. ಅವರ ಭಾವ, ಅಂದರೆ ನಮ್ಮ ದೊಡ್ಡ ಮಾವನವರು, ಆ ಕಡೆ ಬಂದರೆ ಅತ್ತೆ ಸೆರಗೆಳೆದುಕೊಂಡು ಎದ್ದು ನಿಲ್ಲಬೇಕು, ಹೋದ ಮೇಲೆ ಕೂರಬೇಕು. ಬರುವ ಮುನ್ಸೂಚನೆ ಅವರ ಕೆಮ್ಮು. ಬೀಡಿ ಸೇದುವವರಾದ್ದರಿಂದ ಬಾರದಿದ್ದಾಗಲೂ ಕೆಮ್ಮುತ್ತಿದ್ದರು. ಪಡಸಾಲೆಯಲ್ಲಿ ಕುರ್ಚಿಗಳಿದ್ದರೂ ಅವರೆದುರು ಹೆಂಗಸರು ಕುರ್ಚಿಯಲ್ಲಿ ಕೂರುವ ಮಾತೇ ಇರಲಿಲ್ಲ.

ಅವತ್ತು ಕೆಮ್ಮು ಕೇಳಿ ಅತ್ತೆ ಏಳಲು ಹೋಗಿ ನನ್ನ ಹೆಗಲು ಹಿಡಿದವರು ಬಿಡಲೇ ಇಲ್ಲ. "ಇನ್ನ ಆಗಂಗಿಲ್ಲವ್ವಾ. ನಡಿ, ಹುಮನಾಬಾದ ಡಾಕ್ಟರಿಗೆ ತೋರಿಸೂನು" ಎಂದರು.

ಬಸವಕಲ್ಯಾಣದಿಂದ ಹುಮನಾಬಾದಿನವರೆಗೂ ಬಸ್ಸಿನಲ್ಲಿ ನಿಂತೇ ಬಂದರು. ಕೂತರೆ ಮತ್ತೆ ಏಳಬೇಕಲ್ಲ ಎಂಬ ಭಯ. ಡಾಕ್ಟರು ಮೊಣಕಾಲು ಬಗ್ಗಿಸಿ, ಕರಕರ ಸದ್ದು ಕೇಳಿ, "ಪಟೆಲ್ಲಾ ಸವದದ್ರಿ. ನೆಲದ ಮ್ಯಾಲೆ ಕೂಡಬ್ಯಾಡ್ರಿ, ಕುರ್ಚಿ ಮ್ಯಾಲೆ ಕೂಡ್ರಿ" ಎಂದರು.

"ಅದ್ಯಾವ ಮಾತವ್ವಾ?" ಬಸ್‌ ನಿಲ್ದಾಣದಲ್ಲಿ ಅತ್ತೆ ಕೇಳಿದರು.

ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಅಸ್ಥಿಪಂಜರದ ಚಿತ್ರಕ್ಕೆ ಕೋಲು ತಾಗಿಸಿ ಹೇಳಿಕೊಟ್ಟದ್ದು ನೆನಪಿತ್ತು. "ಲ್ಯಾಟಿನ್ ಮಾತ್ರಿ, ಅತ್ತಿ. ಸಣ್ಣ ತಾಟು ಅಂತ ಅರ್ಥ. ಮಣಕಾಲ ಚಿಪ್ಪು ತಾಟು ಬೋರಲು ಹಾಕಿದಂಗ ಇರ್ತದಲ್ಲ, ಅದಕ್ಕ."

ಅತ್ತೆ ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡರು. "ಜನ್ಮೆಲ್ಲಾ ತಾಟು ತೊಳದದ್ದು ಸಾಲಲಿಲ್ಲಂತ ಶಿವ ಕಾಲಾಗೂ ಎರಡು ಇಟ್ಟಾನೇನು!" ಎಂದವರು ದನಿ ತಗ್ಗಿಸಿದರು. "ಮನ್ಯಾಗ ಚಿಪ್ಪು ಅನಬ್ಯಾಡ ನೋಡು. ಮಣಕಾಲ ನೋಯಾಕತ್ತಾವ ಅಂತ ಹೇಳಿಸಿದಾಗ ಭಾವನೋರು ಎಣ್ಣಿ ಹಚ್ಕೊಳ್ಳಲಿ ಅಂದು ಸುಮ್ಮನಾದ್ರು. ಡಾಕ್ಟರ್ ಅಂದಂಗೇ ಅನ್ನು. ಕುರ್ಚಿ ಸಿಗದಿದ್ರ ನಾ ಇನ್ನ ಉಳಿಯಂಗಿಲ್ಲ."

ಸಂಜೆ ದೊಡ್ಡ ಮಾವನವರು ನನ್ನನ್ನೇ ಕರೆದು ಕೇಳಿದರು. ಭಾವನೊಂದಿಗೆ ಅತ್ತೆ ನೇರ ಮಾತಾಡುವಂತಿಲ್ಲ, ಬಾಗಿಲ ಮರೆಯಲ್ಲಿ ನಿಂತಿದ್ದರು.

"ಏನಂದ ಡಾಕ್ಟರ?"

"ಪಟೆಲ್ಲಾ ಸವದದಂತ್ರಿ. ಕುರ್ಚಿ ಮ್ಯಾಲೇ ಕೂಡಬೇಕಂತ್ರಿ."

ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು ಅವರು. ಶಬ್ದವನ್ನು ಬಾಯಲ್ಲಿ ತಿರುಗಿಸಿ ನೋಡಿದರು. "ಪಟೆಲ್ಲಾ... ಉರ್ದು ಅಲ್ಲ. ಮರಾಠೀನೂ ಅಲ್ಲ."

"ಲ್ಯಾಟಿನ್ ರೀ."

"ಹೆಣ್ಮಕ್ಕಳಿಗಷ್ಟೇ ಇರ್ತದೇನದು?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಎಲ್ಲರಿಗೂ ಇರ್ತದ್ರಿ. ನಿಮಗೂ ಅವ, ಎರಡು."

ಬೀಡಿ ಬಾಯಿಯ ಹತ್ತಿರವೇ ನಿಂತಿತು. ಎಲ್ಲಿವೆ ಎಂದು ಕೇಳಲು ಮರ್ಯಾದೆ ಬಿಡಲಿಲ್ಲ. ಎಡಗೈಯಿಂದ ಮೆಲ್ಲಗೆ ಪಕ್ಕೆ ಮುಟ್ಟಿಕೊಂಡರು, ಆಮೇಲೆ ಸೊಂಟ. ನಾನು ನೆಲ ನೋಡುತ್ತ ನಿಂತೆ.

"ಕುರ್ಚಿ ಕೊಡು ಅಕಿಗೆ," ಎಂದರು ಕೊನೆಗೆ.

ಅತ್ತೆ ಕುರ್ಚಿಯ ತುದಿಯಲ್ಲಿ ಕೂತರು. ಕಾಲು ನೆಲಕ್ಕೆ ಮುಟ್ಟಲಿಲ್ಲ. ದೊಡ್ಡ ಮಾವನವರು ಕೆಮ್ಮಿದೊಡನೆ ಎದ್ದೇಬಿಟ್ಟರು. "ಕೂಡು, ಕೂಡಂತ ಹೇಳು ಅಕಿಗೆ," ಎಂದು ಅವರೇ ಗೋಡೆ ಕಡೆ ಮುಖ ತಿರುಗಿಸಿ ಇನ್ನೊಮ್ಮೆ ಕೆಮ್ಮಿದರು.

ಅಷ್ಟರಲ್ಲಿ ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಯ ಕಾಕಿ ಬಂದರು. ಕುರ್ಚಿಯ ಮೇಲಿನ ಅತ್ತೆಯನ್ನು ಕಂಡು ಹೊಸ್ತಿಲಲ್ಲೇ ನಿಂತರು. ಒಳಗೆ ಕರೆದು ಹೆಪ್ಪು ಕೊಡುತ್ತ ನಡೆದದ್ದೆಲ್ಲ ಹೇಳಿದೆ. ಕಾಕಿ ಬಟ್ಟಲ ಮೇಲೆ ಸೆರಗು ಮುಚ್ಚಿಕೊಂಡು ಹೊರಟವರು ತಿರುಗಿ ಅಂದರು:

"ನಾಳಿ ನನ್ನೂ ಹುಮನಾಬಾದಕ್ಕ ಕರ್ಕೊಂಡು ನಡಿಯವ್ವಾ. ನಮ್ಮನ್ಯಾಗೂ ಒಂದು ಕುರ್ಚಿ ಖಾಲೀನೇ ಅದ."