ಚಂದ್ರಿ ಉಸಿರು ಹಿಡಿದ ಹೊತ್ತು

ಇವತ್ತು ಬೆಳಿಗ್ಗೆ ಬೀದರಿನ ನಮ್ಮ ಪಶು ಆಸ್ಪತ್ರೆಯಲ್ಲಿ ಔರಾದ ಕಡೆಯ ಕುದುರೆಯೊಂದನ್ನು ಶಸ್ತ್ರಕ್ರಿಯೆಗೆ ಮಲಗಿಸಿದ್ದೆವು. ಅರಿವಳಿಕೆ ಯಂತ್ರದ ಕರಿಯ ರಬ್ಬರ್ ಚೀಲ ಅದರ ಉಸಿರಿಗೆ ತಕ್ಕಂತೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು. ನೀವು ಪಕ್ಕದಲ್ಲಿದ್ದರೆ ನಿಮಗೂ ತೋರಿಸುತ್ತಿದ್ದೆ. ಎಷ್ಟು ನೋಡಿದರೂ ನನಗೆ ಬೇಸರ ಬರದ ನೋಟವದು. ನೋಡುತ್ತ ನೋಡುತ್ತ ಭಾಲ್ಕಿ ಬಳಿಯ ಭಾತಂಬ್ರಾದ ಚಂದ್ರಿ ನೆನಪಾದಳು.

ಆಗ ನಾನು ಭಾಲ್ಕಿಗೆ ಬಂದ ಹೊಸ ಪಶುವೈದ್ಯೆ. ಚಂದ್ರಿ ಅಂದರೆ ಶರಣಪ್ಪ, ಮಹಾದೇವಿ ದಂಪತಿ ಮದುವೆ ಮೆರವಣಿಗೆಗೆ ಕಳಿಸುತ್ತಿದ್ದ ಬಿಳಿ ಕುದುರೆ. ತಂತಿಬೇಲಿ ಹಾರಲು ಹೋಗಿ ಹಿಂಗಾಲಿನ ತೊಡೆಯ ಒಳಮಗ್ಗುಲು ಹರಿದುಕೊಂಡಿದ್ದಳು. ನಿಂತಲ್ಲೇ ಜಾಗ ಮರಗಟ್ಟಿಸಿ ಹೊಲಿಯೋಣವೆಂದರೆ ಹತ್ತಿರ ಬಿಟ್ಟುಕೊಳ್ಳಳು, ಒದೆಯುತ್ತಾಳೆ. ಮಲಗಿಸಲೇಬೇಕು.

"ಮಲಗಿಸಿದ್ರ ಮತ್ತ ಏಳ್ತಾಳೇನ್ರಿ?" ಎಂದು ಶರಣಪ್ಪ ಕೇಳಿದರು.

ಅವರ ಭಯ ಸುಳ್ಳಲ್ಲ. ಕುದುರೆ ಮಲಗಿತೆಂದರೆ ಆ ದೊಡ್ಡ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ. ಕೆಳಮಗ್ಗುಲಿನ ಶ್ವಾಸಕೋಶಕ್ಕೆ ರಕ್ತ ಹರಿಯುತ್ತದೆ, ಗಾಳಿ ಸಾಲದು. ಯಂತ್ರದಿಂದ ಅರಿವಳಿಕೆ ಅನಿಲ ಕೊಟ್ಟರೆ ಹೆಚ್ಚು ಹೊತ್ತು ಮಲಗಿಸಬಹುದು, ಆದರೆ ಉಸಿರು ತಗ್ಗುತ್ತದೆ. ಚೀಲ ಒತ್ತಿ ನಾವೇ ಉಸಿರು ತುಂಬಬೇಕಾಗುತ್ತದೆ. ಸೂಜಿಮದ್ದಿನಲ್ಲಿ ಬಹುಮಟ್ಟಿಗೆ ತಾನೇ ಉಸಿರಾಡುತ್ತದೆ, ಆದರೆ ಸಮಯ ಕಡಿಮೆ. ಅವರ ಮನೆ ಮುಂದಿನ ಬೇವಿನ ಮರದಡಿ ನಿಂತಿದ್ದ ನನ್ನ ಹತ್ತಿರ ಇದ್ದದ್ದು ಸೂಜಿಮದ್ದು ಮಾತ್ರ.

ಅದನ್ನೇ ಕೊಟ್ಟೆ, ಚಂದ್ರಿ ಮಲಗಿದಳು. ಮಹಾದೇವಿಯವರು ಅವಳ ಮೂಗಿನ ಹೊಳ್ಳೆಗೆ ಅಂಗೈ ಹಿಡಿದು ಕೂತರು. ನಾನು ಹೊಲಿಯತೊಡಗಿದೆ. ಅರ್ಧಕ್ಕೆ ಬಂದಿರಬೇಕು, ಅವರು ಚೀರಿದರು: "ಮೇಡಂ, ಉಸರು ನಿಂತದ ರೀ!"

ಆ ಮದ್ದಿಗೆ ಕುದುರೆ ಒಮ್ಮೊಮ್ಮೆ ಉಸಿರೆಳೆದು ಹಾಗೇ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. "ಹಂಗೇ ಇರ್ತದ, ಅಂಜಬ್ಯಾಡ್ರಿ" ಎಂದೆ. ಆದರೂ ಹೊಲಿಗೆ ಬಿಟ್ಟು ಅವಳ ತಲೆಯ ಹತ್ತಿರ ಓಡಿದೆ. ತುಟಿ ಸರಿಸಿ ನೋಡಿದೆ. ಒಸಡು ಗುಲಾಬಿಯಾಗಿಯೇ ಇತ್ತು, ನೀಲಿಗಟ್ಟಿರಲಿಲ್ಲ. ಪಕ್ಕೆ ಮಾತ್ರ ಅಲುಗದು.

ಆಮೇಲೆ ದೊಡ್ಡದೊಂದು ನಿಟ್ಟುಸಿರು. ಮಹಾದೇವಿಯವರ ಸೆರಗೇ ಹಾರಿತು.

"ಬಿಟ್ಟಳ್ರಿ!" ಅಂದವರು ನನ್ನ ಮುಖ ನೋಡಿ ನಕ್ಕರು. "ಇನ್ನ ನೀವೂ ಬಿಡ್ರಿ, ಮೇಡಂ."

ಹೊಲಿಗೆ ಮುಗಿದು ಒಂದಿಷ್ಟು ಹೊತ್ತಿಗೆ ಚಂದ್ರಿ ತೂರಾಡುತ್ತ ಎದ್ದಳು. ಶರಣಪ್ಪ ಬಾಲ ಹಿಡಿದು ಆಸರೆ ಕೊಟ್ಟರು. ಗಾಯ ಮಾಯ್ದ ಮೇಲೆ ಎಷ್ಟೋ ಮದುಮಕ್ಕಳನ್ನು ಹೊತ್ತಳು.

ಅಂದಿನಿಂದ ಕುದುರೆ ಮಲಗಿಸುವ ಮುಂಚೆಯೇ ಅದರ ಉಸಿರಿನ ಸಂಗತಿಯನ್ನು ಯಜಮಾನರಿಗೆ ಬಿಡಿಸಿ ಹೇಳುತ್ತೇನೆ. ಇವತ್ತೂ ಈ ಕುದುರೆಯ ಹಿರಿಯ ಯಜಮಾನರಿಗೆ ಹೇಳಿದ್ದೆ. ಮಧ್ಯಾಹ್ನ ಕುದುರೆ ಎದ್ದು ನಿಂತಿತು. ಪಾಪ, ಎಷ್ಟು ಕಳವಳಪಡುತ್ತಿದ್ದಾರೋ ಎಂದು ಸುದ್ದಿ ಹೇಳಲು ಓಡಿಬಂದರೆ, ಔರಾದಿನ ಆ ಹಿರಿಯರು ಬೆಂಚಿನ ಮೇಲೆ ರುಮಾಲು ತಲೆಯಡಿಗಿಟ್ಟು ಸೊಗಸಾಗಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಪಕ್ಕದಲ್ಲೇ ಕೂತು, ಚಹಾ ತರಿಸಿಕೊಂಡೆ.